ಜ್ವರದ ಮಾತ್ರೆ ತಿಂದ ನಾಯಿ ಒಲೆ ಬಿಟ್ಟು ಜಗಲಿಗೆ ಬಂದಿದ್ದು ಯಾಕೆ?

ಕಾಫಿಕಣ, ನಾಪೋಕ್ಲು

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಮನೆಯಲ್ಲಿ ಒಂದು ಬೆರಕೆ ನಾಯಿ ಇದೆ. ತೂಕ ಹದಿನೈದು ಕೆಜಿ ಇರಬಹುದು. ಮೊನ್ನೆ ಮಳೆ ಹಿಡಿದ ವಾರದಲ್ಲಿ ಅದಕ್ಕೆ ಜ್ವರ ಬಂತು. ಅನ್ನ ಮುಟ್ಟಲಿಲ್ಲ. ಥರ್ಮಾಮೀಟರ್ ಹಿಂದೆ ಇಟ್ಟು ನೋಡಿದರೆ 104.5. ಆದರೆ ಕಿವಿ ಮುಟ್ಟಿದರೆ ತಣ್ಣಗೆ, ಪಾದ ತಣ್ಣಗೆ, ಮೈ ಗಡಗಡ ನಡುಗುತ್ತಿದೆ. ಸೀದಾ ಬಚ್ಚಲ ಒಲೆ ಹತ್ತಿರ ಹೋಗಿ, ಬೂದಿ ಪಕ್ಕದಲ್ಲಿ ಮೂತಿಯನ್ನು ಬಾಲದೊಳಗೆ ತೂರಿಸಿಕೊಂಡು ಮಲಗಿಬಿಟ್ಟಿತು. ಎಷ್ಟು ಕರೆದರೂ ಬರಲಿಲ್ಲ.

ಅಷ್ಟರಲ್ಲಿ ತೋಟದ ಲೆಕ್ಕ ಬರೆಯುವ ರೈಟರ್ ಬಂದರು. ಜೇಬಿನಲ್ಲಿದ್ದ 650ರ ಪ್ಯಾರಾಸಿಟಮಾಲ್ ಮುರಿದು, ಅರ್ಧ ಮಾತ್ರೆಯನ್ನು ಬೆಲ್ಲದಲ್ಲಿ ಸುತ್ತಿ ಬಾಯಿಗೆ ಹಾಕೇಬಿಟ್ಟರು. ನಾನು ಬೇಡ ಅನ್ನುವಷ್ಟರಲ್ಲಿ ನುಂಗಿಯಾಗಿತ್ತು. ಸ್ವಲ್ಪ ಹೊತ್ತಿಗೆ ನೋಡಿದರೆ ನಾಯಿ ತಾನಾಗೇ ಎದ್ದು ಜಗಲಿಗೆ ಬಂದು, ಕೆಂಪು ಸಿಮೆಂಟಿನ ನೆಲಕ್ಕೆ ಹೊಟ್ಟೆ ಹಚ್ಚಿ, ನಾಲಿಗೆ ಹೊರಗೆ ಹಾಕಿ ತೇಕುತ್ತಿದೆ! ಈಗ ಕಿವಿ ಬಿಸಿ, ಆದರೆ ಥರ್ಮಾಮೀಟರ್ 103 ತೋರಿಸಿತು. ರಾತ್ರಿ 102ಕ್ಕೆ ಇಳಿಯಿತು. ಬೆಳಿಗ್ಗೆ ಮತ್ತೆ 104. ಆಮೇಲೆ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆವು. ಉಣ್ಣಿಯಿಂದ ಬರುವ ಜ್ವರ ಅಂದರು. ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಬರೆದುಕೊಟ್ಟರು. ಈಗ ಊಟ ಮಾಡುತ್ತಿದೆ.

ನಾಯಿ ಸರಿ ಹೋಯಿತು, ನನ್ನ ತಲೆ ಸರಿ ಹೋಗಿಲ್ಲ. 104 ಇರುವಾಗ ಅದಕ್ಕೆ ಒಲೆ ಯಾಕೆ ಬೇಕಿತ್ತು? ಜ್ವರ ಇಳಿಯುವಾಗ ತಣ್ಣನೆ ನೆಲ ಯಾಕೆ ಬೇಕಾಯಿತು? ತಲೆಕೆಳಗಾಗಿ ಇರಬೇಕಿತ್ತು ಅಲ್ವಾ? ಮತ್ತೆ, ಜ್ವರ ಇಲ್ಲದ ಪ್ರಾಣಿಗೆ ಇದೇ ಮಾತ್ರೆ ಕೊಟ್ಟರೆ ಅದರ ಮೈ ಇನ್ನೂ ತಣ್ಣಗಾಗಿಬಿಡುತ್ತಾ? ನಮ್ಮಲ್ಲಿ ಹಸು, ಬೆಕ್ಕು, ಕೋಳಿ ಎಲ್ಲ ಇವೆ. ರೈಟರ್ ಪ್ರಕಾರ ಎಲ್ಲಕ್ಕೂ ಅದೇ ಮಾತ್ರೆ, ಗಾತ್ರ ನೋಡಿ ಮುರಿದರೆ ಆಯಿತು. ಗೊತ್ತಿರುವವರು ಹೇಳಿ.

ಗೋಣಿಕೊಪ್ಪ ಮೇಷ್ಟ್ರು

ನಿಮ್ಮ ನಾಯಿ ಮಾಡಿದ್ದು ಪೂರ್ತಿ ಸರಿಯಾಗೇ ಇದೆ. ನಾನು ಜೀವಶಾಸ್ತ್ರ ಪಾಠ ಮಾಡುವವನು, ಡಾಕ್ಟರ್ ಅಲ್ಲ. ಹಾಗಾಗಿ ಔಷಧಿ ಎಷ್ಟು ಕೊಡಬೇಕು ಅಂತ ನನ್ನನ್ನು ಕೇಳಬೇಡಿ. ಒಳಗೆ ಏನಾಗುತ್ತೆ ಅಂತ ಮಾತ್ರ ಹೇಳುತ್ತೇನೆ.

ಮೆದುಳಿನ ಬುಡದಲ್ಲಿ ಹೈಪೋಥಾಲಮಸ್ ಅಂತ ಒಂದು ಪುಟ್ಟ ಭಾಗ ಇದೆ. ಮೈಯ ಶಾಖ ಎಷ್ಟಿರಬೇಕು ಅಂತ ತೀರ್ಮಾನ ಮಾಡುವುದು ಅದು. ಗೀಸರಿನಲ್ಲಿ ನಾವು ತಿರುಗಣೆ ಇಟ್ಟ ಹಾಗೆ ಅಂದುಕೊಳ್ಳಿ. ನಾಯಿಗೆ ಮಾಮೂಲಿ 101ರಿಂದ 102.5ರ ಒಳಗೆ ಇಟ್ಟಿರುತ್ತೆ. ರೋಗಾಣು ಒಳಗೆ ಬಂದಾಗ ಬಿಳಿ ರಕ್ತಕಣಗಳು ಕೆಲವು ರಾಸಾಯನಿಕಗಳನ್ನು ಬಿಡುತ್ತವೆ. ಅವು ಮೆದುಳಿನ ರಕ್ತನಾಳಗಳನ್ನು ಮುಟ್ಟಿದಾಗ ಅಲ್ಲಿ ಕಾಕ್ಸ್-2 ಅನ್ನುವ ಕಿಣ್ವ ಜೋರಾಗಿ ಕೆಲಸ ಶುರು ಮಾಡುತ್ತೆ, ಅದರಿಂದ ಪ್ರೋಸ್ಟಾಗ್ಲಾಂಡಿನ್ ಇ2 ತಯಾರಾಗುತ್ತೆ, ಅದು ಹೋಗಿ ಈ ತಿರುಗಣೆಯನ್ನು 104.5ಕ್ಕಿಂತಲೂ ಮೇಲೆ ತಿರುಗಿಸುತ್ತೆ. ನೀವು ಥರ್ಮಾಮೀಟರ್ ಇಟ್ಟ ಗಳಿಗೆಯಲ್ಲಿ ಮೈ ಇನ್ನೂ 104.5ರಲ್ಲೇ ಇದೆ. ಮೆದುಳಿಗೆ ಬೇಕಾಗಿರುವುದು ಅದಕ್ಕಿಂತ ಜಾಸ್ತಿ. ಅಂದರೆ ನಾಯಿಗೆ ಚಳಿ! ನಿಜವಾದ ಚಳಿ. ಅದಕ್ಕೇ ನಡುಕ, ಅದಕ್ಕೇ ಕಿವಿ ಮತ್ತು ಪಾದದ ರಕ್ತನಾಳ ಮುದುಡಿ ಶಾಖ ಹೊರಗೆ ಹೋಗದ ಹಾಗೆ ತಡೆಯುವುದು, ಅದಕ್ಕೇ ಒಲೆ. ಮಲೇರಿಯಾ ಬಂದವರು ಬೇಸಿಗೆಯಲ್ಲಿ ಕಂಬಳಿ ಮೇಲೆ ಕಂಬಳಿ ಕೇಳುವುದೂ ಇದೇ ಕಾರಣಕ್ಕೆ.

ಈಗ ಮಾತ್ರೆ ಏನು ಮಾಡಿತು? ಅದು ಮೈಯನ್ನು ತಣ್ಣಗೆ ಮಾಡಲಿಲ್ಲ. ಮೆದುಳಿನಲ್ಲಿ ಪ್ರೋಸ್ಟಾಗ್ಲಾಂಡಿನ್ ತಯಾರಾಗುವುದನ್ನು ಕಡಿಮೆ ಮಾಡಿತು, ಅಷ್ಟೇ. ತಿರುಗಣೆ ವಾಪಸ್ 102ಕ್ಕೆ ಬಂತು. ಮೈ ಮಾತ್ರ ಇನ್ನೂ 104.5ರಲ್ಲಿ. ಈಗ ನಾಯಿಗೆ ಸೆಕೆ. ಕಿವಿಯ ರಕ್ತನಾಳ ಬಿಚ್ಚಿಕೊಂಡಿತು, ಬಿಸಿ ರಕ್ತ ಅಲ್ಲಿಗೆ ನುಗ್ಗಿತು, ನಾಯಿ ತೇಕಿತು, ತಣ್ಣನೆ ನೆಲ ಹುಡುಕಿತು. ಇಳಿಸುವ ಕೆಲಸ ಪೂರ್ತಿ ಮಾಡಿದ್ದು ನಾಯಿಯ ಮೈಯೇ. ನಮಗಾದರೆ ಬೆವರು ಕಿತ್ತುಕೊಂಡು ಬರುತ್ತೆ. ನಾಯಿಗೆ ಪಾದದಲ್ಲಿ ಬಿಟ್ಟರೆ ಹೇಳಿಕೊಳ್ಳುವಷ್ಟು ಬೆವರಿಲ್ಲ. ಹಾಗಾಗಿ ತೇಕುವುದೇ ಅದರ ದಾರಿ.

ಆಸ್ಪಿರಿನ್ ಥರದ ಔಷಧಿಗಳು ಪ್ರೋಸ್ಟಾಗ್ಲಾಂಡಿನ್ ತಡೆಯುತ್ತವೆ ಅಂತ ತೋರಿಸಿದ್ದು ಇಂಗ್ಲೆಂಡಿನ ಜಾನ್ ವೇನ್, 1971ರಲ್ಲಿ. 1982ರಲ್ಲಿ ಅವರಿಗೂ ಸ್ವೀಡನ್ನಿನ ಇಬ್ಬರಿಗೂ ಸೇರಿ ನೊಬೆಲ್ ಬಂತು. ಆಸ್ಪಿರಿನ್ ಅಂಗಡಿಗೆ ಬಂದಿದ್ದು 1899ರಲ್ಲಿ. 1971ರವರೆಗೂ ಅದು ಹೇಗೆ ಕೆಲಸ ಮಾಡುತ್ತೆ ಅಂತ ಸರಿಯಾಗಿ ಗೊತ್ತಿಲ್ಲದೆಯೇ ಪ್ರಪಂಚ ಎಪ್ಪತ್ತು ವರ್ಷ ನುಂಗಿತ್ತು!

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ಜ್ವರ ಇಲ್ಲದ ಪ್ರಾಣಿಯ ತಿರುಗಣೆಯನ್ನು ಯಾರೂ ಮೇಲೆ ತಿರುಗಿಸಿಲ್ಲ. ವಾಪಸ್ ತರಲು ಏನೂ ಇಲ್ಲ. ಸರಿಯಾದ ಡೋಸಿನಲ್ಲಿ ಕೊಟ್ಟರೆ ಶಾಖದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಆಗಲ್ಲ. ಇಲಿಗಳ ಮೇಲೆ ಪ್ರಯೋಗ ಮಾಡಿದಾಗ ಮಾತ್ರ ಒಂದು ವಿಚಿತ್ರ ಕಂಡಿದೆ. ಪ್ಯಾರಾಸಿಟಮಾಲ್ ಜಾಸ್ತಿ ಪ್ರಮಾಣದಲ್ಲಿ ಕೊಟ್ಟರೆ ಜ್ವರ ಇಲ್ಲದ ಇಲಿಯ ಮೈಯೂ ತಣ್ಣಗಾಗುತ್ತೆ. ಅದು ಜ್ವರ ಇಳಿಯುವುದಲ್ಲ, ಶಾಖ ಕಾಪಾಡುವ ವ್ಯವಸ್ಥೆಯೇ ಕೈಕೊಡುವುದು.

ಮಳೆ ಮನುಷ್ಯ

ಇಷ್ಟೆಲ್ಲ ಪಾಠ ಯಾಕೆ ಸಾರ್. ಕೊಟ್ಟರು, ಇಳಿಯಿತು. ನಮ್ಮ ಅಜ್ಜನ ಕಾಲದಿಂದ ನಾಯಿಗೆ ಮನುಷ್ಯರ ಮಾತ್ರೆ ಕೊಟ್ಟೇ ಸಾಕಿದ್ದೇವೆ, ಯಾವುದೂ ಸತ್ತಿಲ್ಲ. ಮಾತ್ರೆ ಇಲ್ಲದಿದ್ದರೆ ಒಂದು ಗೋಣಿ ಚೀಲ ಒದ್ದೆ ಮಾಡಿ ಮೇಲೆ ಹೊದಿಸಿ, ಅದಕ್ಕಿಂತ ಒಳ್ಳೆ ಔಷಧಿ ಇಲ್ಲ.

ಹಳೇ ಪಶುವೈದ್ಯ

ಮೇಷ್ಟ್ರು ಬರೆದಿದ್ದು ಓದಿ ಖುಷಿಯಾಯಿತು. ಇಷ್ಟು ವರ್ಷ ಕೆಲಸ ಮಾಡಿ ನಾನು ಜನರಿಗೆ ಇದನ್ನು ಇಷ್ಟು ಸಲೀಸಾಗಿ ಹೇಳಿರಲಿಲ್ಲ.

ಮಳೆ ಮನುಷ್ಯರೇ, ಗೋಣಿ ಚೀಲದ ವಿಷಯ ಮೊದಲು. ನಡುಗುತ್ತಿರುವ ನಾಯಿಗೆ ಒದ್ದೆ ಗೋಣಿ ಹೊದಿಸಿದರೆ ಏನಾಗುತ್ತೆ? ಅದರ ಮೆದುಳು ಇನ್ನೂ ಜಾಸ್ತಿ ಶಾಖ ಬೇಕು ಅಂತ ಹಟ ಹಿಡಿದು ಕೂತಿದೆ. ನೀವು ಹೊರಗಿನಿಂದ ತಣ್ಣಗೆ ಮಾಡಿದಷ್ಟೂ ಅದು ಒಳಗಿನಿಂದ ಜಾಸ್ತಿ ನಡುಗಿ, ಇರುವ ಅಷ್ಟಿಷ್ಟು ಶಕ್ತಿಯನ್ನೂ ಸುಟ್ಟುಕೊಳ್ಳುತ್ತೆ. ಪ್ರಾಣಿ ಸುಸ್ತಾಗುತ್ತೆ, ಜ್ವರ ಅಲ್ಲೇ ಇರುತ್ತೆ.

ಒದ್ದೆ ಗೋಣಿ ಬೇಕಾಗುವುದು ಬೇರೆ ಕಡೆ. ಏಪ್ರಿಲ್ ತಿಂಗಳಲ್ಲಿ ಕುಶಾಲನಗರದ ಬಿಸಿಲಲ್ಲಿ ಕಾರಿನೊಳಗೆ ಲ್ಯಾಬ್ರಡಾರ್ ಬಿಟ್ಟು ಮದುವೆ ಮನೆಗೆ ಊಟಕ್ಕೆ ಹೋಗುವವರು ಇದ್ದಾರೆ. ಬಂದು ನೋಡುವಾಗ ನಾಯಿ 107ರಲ್ಲಿ ಇರುತ್ತೆ. ಅದು ಜ್ವರ ಅಲ್ಲ. ಮೆದುಳು ಇನ್ನೂ 102 ಬೇಕು ಅಂತಲೇ ಕೂಗುತ್ತಿದೆ, ಮೈಗೆ ಶಾಖ ಹೊರಗೆ ಹಾಕಲು ಆಗುತ್ತಿಲ್ಲ. ಅಲ್ಲಿ ಪ್ರೋಸ್ಟಾಗ್ಲಾಂಡಿನ್‌ಗೂ ಶಾಖಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ಜ್ವರದ ಮಾತ್ರೆಯಿಂದ ಏನೂ ಪ್ರಯೋಜನ ಇಲ್ಲ. ಪ್ರಯೋಜನ ಇಲ್ಲದಿದ್ದರೆ ಹೋಗಲಿ, ಕೆಡುಕೂ ಇದೆ. ಶಾಖ ಹೊಡೆದ ನಾಯಿಗೆ ಕಿಡ್ನಿ, ಕರುಳು, ರಕ್ತ ಹೆಪ್ಪುಗಟ್ಟುವ ಶಕ್ತಿ ಎಲ್ಲ ಮೊದಲೇ ಹದಗೆಟ್ಟಿರುತ್ತೆ, ನೋವು ಜ್ವರದ ಮಾತ್ರೆಗಳು ಬೀಳುವುದೂ ಅವೇ ಜಾಗಗಳ ಮೇಲೆ. ಅಲ್ಲಿ ಬೇಕಾಗುವುದು ನೀರು, ಗಾಳಿ, ಫ್ಯಾನ್. 103ಕ್ಕೆ ಬಂದ ಮೇಲೆ ನೀರು ಸುರಿಯುವುದು ನಿಲ್ಲಿಸಬೇಕು, ಇಲ್ಲದಿದ್ದರೆ ಆ ಕಡೆ ಜಾಸ್ತಿ ತಣ್ಣಗಾಗುತ್ತೆ. ಜೊತೆಗೆ ಸೀದಾ ಆಸ್ಪತ್ರೆ.

ಇನ್ನು ರೈಟರ್ ಅವರ ‘ಗಾತ್ರ ನೋಡಿ ಮುರಿದರೆ ಆಯಿತು’ ಅನ್ನುವ ಸಿದ್ಧಾಂತ. ನಿಮ್ಮ ನಾಯಿ ಹದಿನೈದು ಕೆಜಿ, ಮಾತ್ರೆ ಅರ್ಧ. ಕೆಜಿಗೆ ಇಪ್ಪತ್ತು ಮಿಲಿಗ್ರಾಂ ಚಿಲ್ಲರೆ. ತಪ್ಪಿಸಿಕೊಂಡಿತು. ಅದೇ 650ರ ಪೂರ್ತಿ ಮಾತ್ರೆ ಆರು ಕೆಜಿಯ ಮರಿಗೆ ಹೋಗಿದ್ದರೆ ಕೆಜಿಗೆ 100 ಮಿಲಿಗ್ರಾಂ ದಾಟುತ್ತಿತ್ತು, ಲಿವರ್ ಹಾಳಾಗುವ ಲೆಕ್ಕ ಅದು. ನಾಯಿಗೆ ಪ್ಯಾರಾಸಿಟಮಾಲ್ ಪೂರ್ತಿ ವಿಷ ಅಲ್ಲ, ತೂಕ ನೋಡಿ ವೈದ್ಯರು ಬಳಸುವುದುಂಟು. ಐಬುಪ್ರೊಫೆನ್ ಅನ್ನುವ ನೋವಿನ ಮಾತ್ರೆಯನ್ನಂತೂ ಮನೆಯಲ್ಲಿ ಮುಟ್ಟಲೇಬೇಡಿ. ಹೊಟ್ಟೆಯಲ್ಲಿ ಹುಣ್ಣು, ಕಪ್ಪು ಮಲ, ಆಮೇಲೆ ಕಿಡ್ನಿ. ಮೈಕೈ ನೋವಿಗೆ ಅಂಗಡಿಯಲ್ಲಿ ಕೊಡುವ ಎಷ್ಟೋ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆಗೆ ಅದೂ ಸೇರಿರುತ್ತೆ, ಹೆಸರು ಓದದೆ ಕೊಡುವವರೇ ಜಾಸ್ತಿ.

ಇನ್ನೊಂದು. ಉಣ್ಣಿ ಜ್ವರದಲ್ಲಿ ನಾಯಿಯ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, ಇಳಿದಿರುತ್ತೆ, ಕೆಲವಕ್ಕೆ ಮೂಗಲ್ಲಿ ರಕ್ತ ಬರುತ್ತೆ. ಅಂಥ ನಾಯಿಗೆ ಆಸ್ಪಿರಿನ್ ಕೊಟ್ಟರೆ ಉಳಿದ ಪ್ಲೇಟ್‌ಲೆಟ್ಟೂ ಕೆಲಸ ಮಾಡಲ್ಲ. ನಮ್ಮ ಜಿಲ್ಲೆಯಲ್ಲಿ ತೋಟ ಸುತ್ತುವ ನಾಯಿಗೆ ಜ್ವರ ಬಂದರೆ ಮೊದಲು ಉಣ್ಣಿಯನ್ನೇ ಅನುಮಾನ ಪಡಬೇಕು.

ಬೆಕ್ಕಿನಕ್ಕ, ವಿರಾಜಪೇಟೆ

ಬೆಕ್ಕಿನ ವಿಷಯ ಯಾರೂ ಬರೆಯಲಿಲ್ಲ! ಕಾಫಿಕಣ ಅವರೇ, ದಯವಿಟ್ಟು ನಿಮ್ಮ ರೈಟರಿಗೆ ಇದನ್ನು ಓದಿ ಹೇಳಿ: ಬೆಕ್ಕಿಗೆ ಪ್ಯಾರಾಸಿಟಮಾಲ್ ಚೂರೂ ಕೊಡಬಾರದು. ಅರ್ಧ ಇಲ್ಲ, ಕಾಲು ಇಲ್ಲ, ಮಕ್ಕಳ ಸಿರಪ್ ಇಲ್ಲ.

ನಮ್ಮ ಬೀದಿಯಲ್ಲಿ ಒಬ್ಬರು ಕೊಟ್ಟಿದ್ದರು. ಸಾಯಂಕಾಲಕ್ಕೆ ನನ್ನ ಹತ್ತಿರ ಎತ್ತಿಕೊಂಡು ಬಂದರು. ಮುಖ ಊದಿಕೊಂಡಿತ್ತು, ಮುಂಗಾಲಿನ ಪಾದ ಊದಿತ್ತು. ತುಟಿ ಎತ್ತಿ ನೋಡಿದರೆ ವಸಡು ಗುಲಾಬಿ ಬಣ್ಣ ಇಲ್ಲ, ಮಣ್ಣಿನ ಕಂದು. ಬಾಯಿ ತೆರೆದು ಉಸಿರಾಡುತ್ತಿತ್ತು. ಜ್ವರ ಇಳಿಸಲು ಕೊಟ್ಟಿದ್ದಂತೆ, ಮೈ ಮುಟ್ಟಿದರೆ ಐಸು. ಮೈಸೂರಿಗೆ ಕರೆದುಕೊಂಡು ಹೋದರು, ಉಳಿಯಲಿಲ್ಲ.

ಯಾಕೆ ಹೀಗೆ ಅಂತ ಪಶುವೈದ್ಯ ಸಾರ್ ಹೇಳಿದರೆ ಚೆನ್ನಾಗಿರುತ್ತೆ.

ಹಳೇ ಪಶುವೈದ್ಯ

ಹೇಳುತ್ತೇನೆ ಅಕ್ಕ. ಮನುಷ್ಯರ ಲಿವರ್ ಪ್ಯಾರಾಸಿಟಮಾಲ್ ಅನ್ನು ಗ್ಲುಕುರಾನಿಕ್ ಆಮ್ಲದ ಜೊತೆ ಕಟ್ಟಿ ಮೂತ್ರದಲ್ಲಿ ಹೊರಗೆ ಕಳಿಸುತ್ತೆ. ಆ ಕೆಲಸ ಮಾಡುವ ಕಿಣ್ವದ ಜೀನ್ ಬೆಕ್ಕಿನಲ್ಲಿ ಕೆಟ್ಟು ಕೂತಿದೆ. ಸಾಕುಬೆಕ್ಕು ಮಾತ್ರ ಅಲ್ಲ, ಹುಲಿ ಚಿರತೆಗಳಿಗೂ ಅದೇ ಕಥೆ. ಲಕ್ಷಾಂತರ ವರ್ಷ ಬರೀ ಮಾಂಸ ತಿಂದು ಬದುಕಿದ ವಂಶ, ಗಿಡಮರದ ವಿಷ ಕಳೆಯುವ ಅಗತ್ಯ ಬೀಳಲಿಲ್ಲ ಅಂತ ವಿಜ್ಞಾನಿಗಳು ವಿವರಿಸುತ್ತಾರೆ. ಹೊರಗೆ ಹೋಗಲಾಗದ ಔಷಧಿ ಬೇರೆ ದಾರಿ ಹಿಡಿದು ವಿಷವಾಗುತ್ತೆ, ರಕ್ತದ ಹಿಮೋಗ್ಲೋಬಿನ್ ಕೆಡಿಸುತ್ತೆ. ಕೆಟ್ಟ ಹಿಮೋಗ್ಲೋಬಿನ್ ಆಮ್ಲಜನಕ ಹೊರಲ್ಲ. ವಸಡು ಕಂದಾಗುವುದು ಅದಕ್ಕೇ. ಅಸಿಟೈಲ್ ಸಿಸ್ಟೀನ್ ಅನ್ನುವ ಪ್ರತ್ಯೌಷಧ ಇದೆ, ಗಂಟೆ ತಡವಾದಷ್ಟೂ ಉಳಿಯುವ ಆಸೆ ಕಡಿಮೆ.

ಆಸ್ಪಿರಿನ್ ಕೂಡ ಬೆಕ್ಕಿನ ಮೈಯಿಂದ ಬೇಗ ಹೋಗಲ್ಲ. ನಾವು ಆರೆಂಟು ಗಂಟೆಗೊಮ್ಮೆ ನುಂಗುವ ಮಾತ್ರೆಯನ್ನು ಬೆಕ್ಕಿಗೆ ವೈದ್ಯರು ಕೊಡುವುದಾದರೆ ಎರಡು ಮೂರು ದಿನಕ್ಕೊಮ್ಮೆ, ಅದೂ ಸಣ್ಣ ಪ್ರಮಾಣ.

ಅಂದರೆ ಮೆದುಳಿನ ತಿರುಗಣೆ ಎಲ್ಲ ಪ್ರಾಣಿಯಲ್ಲೂ ಹೆಚ್ಚುಕಡಿಮೆ ಒಂದೇ ಥರ. ಔಷಧಿಯನ್ನು ಹೊರಗೆ ಹಾಕುವ ಲಿವರ್ ಮಾತ್ರ ಒಂದೊಂದರದು ಒಂದೊಂದು ಥರ. ರೈಟರ್ ಲೆಕ್ಕ ತಪ್ಪುವುದು ಇಲ್ಲೇ.

ಹಾಲಿನ ಕ್ಯಾನು, ಶನಿವಾರಸಂತೆ

ದನದ ಬಗ್ಗೆ ನನ್ನದೂ ಎರಡು ಮಾತು. ನಮ್ಮ ಕಡೆ ಮಳೆಗಾಲದಲ್ಲಿ ಮೂರು ದಿನದ ಜ್ವರ ಬರುತ್ತಲ್ಲ, ಸೊಳ್ಳೆ ನುಸಿ ಕಚ್ಚಿ ಬರುವ ವೈರಸ್ಸು. ಬೆಳಿಗ್ಗೆ ಹಾಲು ಕೊಟ್ಟ ಹಸು ಮಧ್ಯಾಹ್ನಕ್ಕೆ ಕುಂಟುತ್ತೆ, ಬಾಯಲ್ಲಿ ಜೊಲ್ಲು, ಶಾಖ 105 ದಾಟುತ್ತೆ. ಮಾರನೇ ದಿನ ಮಲಗಿದರೆ ಏಳಲ್ಲ. ಡಾಕ್ಟ್ರು ಬಂದು ಮೆಲಾಕ್ಸಿಕ್ಯಾಮ್ ಅನ್ನುವ ಜ್ವರ ನೋವಿನ ಇಂಜೆಕ್ಷನ್ ಕೊಟ್ಟರೆ ಕೆಲವೇ ಗಂಟೆಯಲ್ಲಿ ಎದ್ದು ಹುಲ್ಲಿಗೆ ಬಾಯಿ ಹಾಕಿದ್ದನ್ನು ನಾನೇ ನೋಡಿದ್ದೇನೆ. ಕ್ಯಾಲ್ಸಿಯಂ ಕೂಡ ಕೊಡುತ್ತಾರೆ, ಆ ಜ್ವರದಲ್ಲಿ ರಕ್ತದ ಕ್ಯಾಲ್ಸಿಯಂ ಇಳಿಯುತ್ತಂತೆ.

ಇದರಲ್ಲಿ ನಮ್ಮವರು ಮಾಡುವ ಒಂದು ಕೆಲಸಕ್ಕೆ ನನಗೆ ಮೈ ಉರಿಯುತ್ತೆ. ಮಲಗಿದ ಹಸುವಿನ ಮೂತಿ ಎತ್ತಿ ಹಿಡಿದು, ಬಿದಿರಿನ ಗೊಟ್ಟದಲ್ಲಿ ಕಷಾಯ, ಕರಗಿಸಿದ ಮಾತ್ರೆ ಎಲ್ಲ ಸುರಿಯುವುದು. ಈ ಜ್ವರದಲ್ಲಿ ಗಂಟಲು ನುಂಗುವ ಶಕ್ತಿಯನ್ನೇ ಕಳೆದುಕೊಂಡಿರುತ್ತೆ. ಸುರಿದದ್ದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತೆ. ಜ್ವರಕ್ಕೆ ಸಾಯದ ಹಸು ಔಷಧಿಗೆ ಸಾಯುತ್ತೆ.

ಕರು ಹಾಕಿದ ಹೊಸದರಲ್ಲಿ ಹಸು ಬಿದ್ದುಕೊಂಡು, ಕುತ್ತಿಗೆ ಒಂದು ಪಕ್ಕಕ್ಕೆ ತಿರುಗಿಸಿ ಮಲಗಿ, ಕಿವಿ ತಣ್ಣಗಿದ್ದರೆ ಅದು ಹಾಲು ಜ್ವರ. ಅದರಲ್ಲಿ ಥರ್ಮಾಮೀಟರ್ ಮಾಮೂಲಿಗಿಂತ ಕಡಿಮೆಯೇ ತೋರಿಸುತ್ತೆ. ಅಲ್ಲಿ ಜ್ವರದ ಇಂಜೆಕ್ಷನ್ನಿಗೆ ಏನು ಕೆಲಸ? ರಕ್ತನಾಳಕ್ಕೆ ಕ್ಯಾಲ್ಸಿಯಂ ಹೋಗಬೇಕು, ಅದೂ ಬೇಗ. ನಿಧಾನಕ್ಕೆ ಬಿಡಬೇಕು, ಗೊತ್ತಿಲ್ಲದವರು ಜೋರಾಗಿ ಬಿಟ್ಟರೆ ಹೃದಯ ನಿಲ್ಲುತ್ತೆ.

ಕಾಲುಬಾಯಿ ಜ್ವರ ವಾಸಿಯಾದ ಕೆಲವು ಹಸುಗಳು ತಿಂಗಳುಗಟ್ಟಲೆ ಬಿಸಿಲಿಗೆ ತೇಕುತ್ತಲೇ ಇರುತ್ತವೆ, ಕೂದಲು ಒರಟಾಗಿ ಉದ್ದ ಬೆಳೆಯುತ್ತೆ. ಅದಕ್ಕೂ ಜನ ಜ್ವರದ ಇಂಜೆಕ್ಷನ್ ಕೇಳುತ್ತಾರೆ. ಮೇಷ್ಟ್ರ ಲೆಕ್ಕದಲ್ಲಿ ನೋಡಿದರೆ ಅದೂ ಜ್ವರ ಅಲ್ಲ ಅಂತ ಕಾಣುತ್ತೆ. ಸರಿನಾ?

ಗೋಣಿಕೊಪ್ಪ ಮೇಷ್ಟ್ರು

ಸರಿಯೇ. ಅಲ್ಲಿ ಶಾಖ ಹೊರಗೆ ಹಾಕುವ ವ್ಯವಸ್ಥೆ ಕುಂಟುತ್ತಿದೆ, ತಿರುಗಣೆ ಜಾಗದಲ್ಲೇ ಇದೆ. ನೆರಳು, ನೀರು, ಬೆಳಿಗ್ಗೆ ಸಂಜೆ ಮೇಯಲು ಬಿಡುವುದು, ಅಷ್ಟೇ ದಾರಿ.

ಕಾಫಿಕಣ, ನಾಪೋಕ್ಲು

ಎಲ್ಲರಿಗೂ ಥ್ಯಾಂಕ್ಸ್. ಬೆಕ್ಕಿನಕ್ಕ, ರೈಟರಿಗೆ ಓದಿ ಹೇಳಿದೆ, ಗಾಬರಿಯಾದರು.

ಈಗ ಹೊಸ ಅನುಮಾನ. ಮೆದುಳೇ ಬೇಕು ಅಂತ ಶಾಖ ಏರಿಸುತ್ತೆ ಅಂದರೆ, ಅದಕ್ಕೆ ಏನೋ ಉಪಯೋಗ ಇರಲೇಬೇಕಲ್ಲ? ನಾವು ಮಾತ್ರೆ ಕೊಟ್ಟು ಅದರ ಕೆಲಸ ಕೆಡಿಸುತ್ತಿದ್ದೇವಾ?

ಗೋಣಿಕೊಪ್ಪ ಮೇಷ್ಟ್ರು

ಒಳ್ಳೆ ಪ್ರಶ್ನೆ. ಇದಕ್ಕೆ ಅಮೆರಿಕದಲ್ಲಿ ಮ್ಯಾಥ್ಯೂ ಕ್ಲೂಗರ್ ಅನ್ನುವವರು 1975ರಲ್ಲಿ ಹಲ್ಲಿಗಳ ಮೇಲೆ ಮಾಡಿದ ಪ್ರಯೋಗ ಇದೆ. ಮರುಭೂಮಿಯ ಇಗುವಾನಾ ಅನ್ನುವ ಜಾತಿ. ಹಲ್ಲಿಗೆ ನಮ್ಮ ಹಾಗೆ ಒಳಗೆ ಶಾಖ ಹುಟ್ಟಿಸಿಕೊಳ್ಳುವ ಶಕ್ತಿ ಇಲ್ಲ. ಬಿಸಿ ಬೇಕಾದರೆ ಬಿಸಿ ಜಾಗಕ್ಕೆ ಹೋಗಬೇಕು. ಕ್ಲೂಗರ್ ಅವಕ್ಕೆ ಬ್ಯಾಕ್ಟೀರಿಯಾ ಚುಚ್ಚಿದಾಗ ಅವು ಮಾಮೂಲಿಗಿಂತ ಬಿಸಿ ಜಾಗ ಹುಡುಕಿಕೊಂಡು ಹೋದವು. ಆ ಮೇಲೆ ಕೆಲವನ್ನು ಬೇರೆ ಬೇರೆ ಶಾಖದ ಪೆಟ್ಟಿಗೆಗಳಲ್ಲಿ ಇಟ್ಟರು. 42 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟವು ಹೆಚ್ಚಿನವು ಬದುಕಿದವು, 34ರಲ್ಲಿ ಇಟ್ಟವು ಸತ್ತವು.

ನಮ್ಮ ವಿಷಯಕ್ಕೆ ಬೇಕಾದ ಭಾಗ ಮರುವರ್ಷ, 1976ರಲ್ಲಿ ಬಂತು. ಸೋಂಕು ತಗಲಿಸಿದ ಹಲ್ಲಿಗಳಿಗೆ ಆಸ್ಪಿರಿನ್ನಿನ ಹತ್ತಿರದ ಸಂಬಂಧಿ ಸೋಡಿಯಂ ಸ್ಯಾಲಿಸಿಲೇಟ್ ಕೊಟ್ಟರು. ಕೆಲವು ಔಷಧಿ ಬಿದ್ದರೂ ಬಿಸಿ ಜಾಗಕ್ಕೆ ಹೋದವು, ಅವು ಉಳಿದವು. ಯಾವುದಕ್ಕೆ ಔಷಧಿ ಹತ್ತಿ ಬಿಸಿ ಜಾಗ ಬೇಡವಾಯಿತೋ ಅವು ಸತ್ತವು. ಅಂದರೆ ಒಳಗೆ ಬೆಂಕಿ ಇಲ್ಲದ ಪ್ರಾಣಿಯಲ್ಲೂ ಆ ಪ್ರೋಸ್ಟಾಗ್ಲಾಂಡಿನ್ ತಿರುಗಣೆ ಇದೆ, ಆ ಔಷಧಿ ಅಲ್ಲೂ ಕೆಲಸ ಮಾಡುತ್ತೆ. ನಡುಗುವುದು ಬೆವರುವುದು ಎಲ್ಲ ಆಮೇಲೆ ಬಂದದ್ದು, ಜಾಗ ಬದಲಿಸುವುದು ಅದಕ್ಕೂ ಹಳೆಯದು. ಮೀನುಗಳೂ ಸೋಂಕಾದಾಗ ಬೆಚ್ಚನೆ ನೀರಿಗೆ ಹೋಗುತ್ತವೆ.

ಸ್ವಲ್ಪ ಆಚೆ ಹೋಗುತ್ತೇನೆ, ಕ್ಷಮಿಸಿ. ಜೇನು ಸಾಕುವವರಿಗೆ ಇಷ್ಟ ಆಗಬಹುದು. ಮರಿಗಳಿಗೆ ಬೂಷ್ಟು ರೋಗ ತಗಲಿದಾಗ ಯೂರೋಪಿನ ಜೇನುಹುಳ ಗೂಡಿನ ಶಾಖವನ್ನು ಎಲ್ಲ ಸೇರಿ ಏರಿಸುತ್ತವೆ ಅಂತ 2000ದಲ್ಲಿ ಪ್ರಕಟವಾಯಿತು. ಒಂದೊಂದು ಹುಳಕ್ಕೆ ಜ್ವರ ಇಲ್ಲ, ಗೂಡಿಗೇ ಜ್ವರ! ಆ ಬೂಷ್ಟು ಬೆಳೆಯಲು ಗೂಡು ಸ್ವಲ್ಪ ತಣ್ಣಗಾಗಬೇಕು, ಅದಕ್ಕೇ ಈ ಉಪಾಯ. ನಮ್ಮ ತುಡುವೆ ಜೇನು ಹೀಗೆ ಮಾಡುತ್ತಾ ಅಂತ ಸಾಕುವವರು ಯಾರಾದರೂ ಪೆಟ್ಟಿಗೆಯೊಳಗೆ ಥರ್ಮಾಮೀಟರ್ ಇಟ್ಟು ನೋಡಿದರೆ ಒಳ್ಳೆಯದು.

ಹಾಲು ಕುಡಿಸುವ ಪ್ರಾಣಿಗಳಲ್ಲೂ ಇದರ ಸುಳಿವಿದೆ. ಫೆರೆಟ್ ಅಂತ ಮುಂಗುಸಿ ಥರ ಕಾಣುವ ಪ್ರಾಣಿ. ಫ್ಲೂ ಪ್ರಯೋಗಕ್ಕೆ ಅದನ್ನೇ ಬಳಸುವುದು, ನಮ್ಮ ಫ್ಲೂ ಅದಕ್ಕೂ ಅಂಟುತ್ತೆ. ಜ್ವರ ಇಳಿಸುವ ಔಷಧಿ ಕೊಟ್ಟ ಫೆರೆಟ್ಟಿನ ಮೂಗಿನಿಂದ ವೈರಸ್ ಜಾಸ್ತಿ ಹೊರಬಂತು.

ಮಳೆ ಮನುಷ್ಯ

ಓಹೋ, ಹಾಗಾದರೆ ಇನ್ನು ಮೇಲೆ ಯಾವ ಪ್ರಾಣಿಗೂ ಜ್ವರ ಇಳಿಸಲೇಬಾರದು ಅನ್ನಿ. ಮೂರು ದಿನದ ಜ್ವರಕ್ಕೆ ಇಂಜೆಕ್ಷನ್ ಕೊಟ್ಟರೆ ಹಸು ಎದ್ದಿತು ಅಂತ ಈಗ ತಾನೇ ಹಾಲಿನ ಕ್ಯಾನು ಅವರು ಬರೆದಿದ್ದಾರೆ. ಯಾವುದು ನಂಬೋಣ?

ಹಳೇ ಪಶುವೈದ್ಯ

ಎರಡನ್ನೂ ನಂಬಬಹುದು. ಜ್ವರ ದುಬಾರಿ. ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಮೈ ಸುಮಾರು ಹತ್ತು ಶೇಕಡಾ ಜಾಸ್ತಿ ಶಕ್ತಿ ಸುಡಬೇಕು. ಮೇವು ಬಿಟ್ಟ ಹಸು, ಗಬ್ಬದ ಹಸು, ಮುದಿ ನಾಯಿ ಆ ಖರ್ಚನ್ನು ಎಷ್ಟು ದಿನ ತಾಳುತ್ತೆ? ಮೂರು ದಿನದ ಜ್ವರದಲ್ಲಿ ಹಸುವನ್ನು ಮಲಗಿಸುವುದು ವೈರಸ್ಸಿಗಿಂತ ಜಾಸ್ತಿ ಮೈಯೇ ಎಬ್ಬಿಸಿದ ಉರಿಯೂತ. ಅದನ್ನು ತಗ್ಗಿಸಿದರೆ ಹಸು ಎದ್ದು ನೀರು ಕುಡಿಯುತ್ತೆ, ಮೇಯುತ್ತೆ, ಸ್ನಾಯು ಕೊಳೆಯುವುದು ತಪ್ಪುತ್ತೆ. ಅಲ್ಲಿ ಲಾಭ ಜಾಸ್ತಿ. ಆದರೆ 103.5 ಇರುವ, ಓಡಾಡಿಕೊಂಡಿರುವ, ನೀರು ಕುಡಿಯುತ್ತಿರುವ ನಾಯಿಗೆ ನಾನು ಜ್ವರದ ಔಷಧಿ ಕೊಡಲು ಆತುರ ಪಡುತ್ತಿರಲಿಲ್ಲ. ಕಾರಣ ಹುಡುಕುತ್ತಿದ್ದೆ. ಮಾತ್ರೆ ಕೊಟ್ಟು ತಂದ ನಾಯಿಯಲ್ಲಿ ಥರ್ಮಾಮೀಟರ್ ಸುಳ್ಳು ಹೇಳುತ್ತೆ, ನಮಗೆ ರೋಗ ಹಿಡಿಯುವುದು ಕಷ್ಟ. ಏನು ಕೊಟ್ಟಿರಿ, ಯಾವಾಗ ಕೊಟ್ಟಿರಿ ಅಂತ ವೈದ್ಯರಿಗೆ ಮುಚ್ಚುಮರೆ ಇಲ್ಲದೆ ಹೇಳಿ. ಬೈಯುತ್ತಾರೆ, ಬೈಯಲಿ.

ಹಳ್ಳಿಯಲ್ಲಿ ಲೈಸೆನ್ಸ್ ಇಲ್ಲದೆ ಇಂಜೆಕ್ಷನ್ ಚುಚ್ಚಿಕೊಂಡು ತಿರುಗುವವರ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಅವರ ಚೀಲದಲ್ಲಿ ಡೆಕ್ಸಾಮೆಥಸೋನ್ ಇರುತ್ತೆ. ಅದು ಸ್ಟೀರಾಯ್ಡ್. ಜ್ವರ ಚಕ್ಕಂತ ಇಳಿಯುತ್ತೆ, ಹಸು ಚುರುಕಾಗುತ್ತೆ, ಜನ ಕೈ ಮುಗಿಯುತ್ತಾರೆ. ಒಳಗೆ ರೋಗನಿರೋಧಕ ಶಕ್ತಿ ಕುಸಿದು ಸೋಂಕು ಹರಡುತ್ತಿರುತ್ತೆ. ತುಂಬು ಗಬ್ಬದ ಹಸುವಿಗೆ ಚುಚ್ಚಿದರೆ ಕರು ಬಿದ್ದುಹೋಗುತ್ತೆ. ಅದರ ಮೇಲೆ ಜ್ವರದ ಇನ್ನೊಂದು ಇಂಜೆಕ್ಷನ್ ಸೇರಿಸಿದರೆ ಹೊಟ್ಟೆಯಲ್ಲಿ ಹುಣ್ಣು.

ಯಾವ ಪ್ರಾಣಿಗೆ ಮಾಮೂಲಿ ಶಾಖ ಎಷ್ಟು ಅನ್ನುವುದನ್ನೂ ಹೇಳಿಬಿಡುತ್ತೇನೆ. ಬೆಕ್ಕಿಗೂ ನಾಯಿಗೂ ಹೆಚ್ಚುಕಡಿಮೆ ಒಂದೇ. ಹಸುವಿಗೆ 101.5ರ ಆಸುಪಾಸು. ಮೇಕೆ, ಹಂದಿಗೆ ಅದಕ್ಕಿಂತ ಒಂದು ಡಿಗ್ರಿ ಜಾಸ್ತಿ. ಕೋಳಿಗೆ 106 ಇದ್ದರೆ ಅದು ಆರೋಗ್ಯ, ಮುಟ್ಟಿ ನೋಡಿ ಜ್ವರ ಅಂದುಕೊಂಡು ಮಾತ್ರೆ ಪುಡಿ ಮಾಡಬೇಡಿ. ದುಬಾರೆಯಲ್ಲಿ ನೀವು ಮೈ ತೊಳೆಯುವ ಆನೆಗೆ ನಮಗಿಂತಲೂ ಕಡಿಮೆ, 97ರ ಹತ್ತಿರ. ಆಗ ತಾನೇ ಹಾಕಿದ ಲದ್ದಿಯೊಳಗೆ ಥರ್ಮಾಮೀಟರ್ ಚುಚ್ಚಿ ಅದರ ಶಾಖ ನೋಡುವುದೂ ಉಂಟು. ಮೂಗು ಒಣಗಿದೆ, ಕಿವಿ ಬಿಸಿ ಇದೆ ಅನ್ನುವುದನ್ನು ನಂಬಬೇಡಿ, ಕಾಫಿಕಣ ಅವರ ನಾಯಿಯೇ ಅದಕ್ಕೆ ಸಾಕ್ಷಿ.

ಹಕ್ಕಿನೋಟ

ತಡವಾಗಿ ಬಂದೆ. ಜ್ವರದ ಔಷಧಿ ಅಂದಮೇಲೆ ಡಿಕ್ಲೋಫೆನಾಕ್ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ? ಒಂದು ಕಾಲದಲ್ಲಿ ದನದ ಜ್ವರ ನೋವಿಗೆ ಎಲ್ಲ ಕಡೆ ಅದನ್ನೇ ಚುಚ್ಚುತ್ತಿದ್ದರು. ಅಗ್ಗ, ಬೇಗ ಹತ್ತುತ್ತೆ. ಹಸುವಿಗೆ ಏನೂ ಆಗಲ್ಲ. ಇಂಜೆಕ್ಷನ್ ತಗೊಂಡು ಒಂದೆರಡು ದಿನದಲ್ಲಿ ಸತ್ತ ಹಸುವನ್ನು ರಣಹದ್ದು ತಿಂದರೆ ಮಾತ್ರ ಅದರ ಕಿಡ್ನಿ ಹೋಗುತ್ತೆ. ಯೂರಿಕ್ ಆಮ್ಲ ಹೊರಗೆ ಹೋಗದೆ ಲಿವರ್, ಹೃದಯದ ಮೇಲೆಲ್ಲ ಬಿಳಿ ಪದರ ಕಟ್ಟಿ ಸಾಯುತ್ತೆ. ಕಾರಣ ಪತ್ತೆಯಾಗಿದ್ದು 2004ರಲ್ಲಿ, ಪಾಕಿಸ್ತಾನದಲ್ಲಿ ನಡೆದ ಅಧ್ಯಯನದಿಂದ. ಅಷ್ಟರಲ್ಲಿ ನಮ್ಮ ದೇಶದ ಬಿಳಿ ಬೆನ್ನಿನ ರಣಹದ್ದು ನೂರಕ್ಕೆ ತೊಂಬತ್ತೊಂಬತ್ತು ಭಾಗ ಮುಗಿದುಹೋಗಿತ್ತು.

2006ರಲ್ಲಿ ಪಶುಗಳಿಗೆ ನಿಷೇಧ ಆಯಿತು. ಆದರೂ ಮನುಷ್ಯರಿಗೆ ಅಂತ ಬರುವ ದೊಡ್ಡ ಬಾಟಲಿ ತಂದು ದನಕ್ಕೆ ಚುಚ್ಚುತ್ತಿದ್ದರು. ಅದಕ್ಕೆ 2015ರಲ್ಲಿ ಮನುಷ್ಯರ ಇಂಜೆಕ್ಷನ್ನನ್ನೂ 3 ಮಿಲಿಗಿಂತ ದೊಡ್ಡ ಬಾಟಲಿಯಲ್ಲಿ ಮಾರಬಾರದು ಅಂತ ಮಾಡಿದರು. 2023ರಲ್ಲಿ ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಅನ್ನುವ ಇನ್ನೆರಡು ನೋವಿನ ಔಷಧಿಗಳೂ ಪಶುಗಳಿಗೆ ನಿಷೇಧ. ಅಸಿಕ್ಲೋಫೆನಾಕ್ ಹಸುವಿನ ಮೈಯೊಳಗೆ ಹೋಗಿ ಡಿಕ್ಲೋಫೆನಾಕ್ ಆಗಿಯೇ ಬದಲಾಗುತ್ತೆ, ಅದಕ್ಕೆ. ಮೆಲಾಕ್ಸಿಕ್ಯಾಮ್ ರಣಹದ್ದಿಗೆ ತೊಂದರೆ ಮಾಡಲ್ಲ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ.

ನಾಗರಹೊಳೆ, ಬಂಡೀಪುರದ ಕಡೆ ಇನ್ನೂ ರಣಹದ್ದು ಉಳಿದಿವೆ. ಕಾಡಂಚಿನಲ್ಲಿ ದನ ಸಾಕುವವರು ಇಂಜೆಕ್ಷನ್ ಹಾಕಿಸುವಾಗ ಬಾಟಲಿ ಮೇಲಿನ ಹೆಸರು ಒಮ್ಮೆ ಓದಿ. ಯಾವುದು ಅಂತ ಕೇಳುವ ಹಕ್ಕು ನಿಮಗಿದೆ.

ಹಾಲಿನ ಕ್ಯಾನು, ಶನಿವಾರಸಂತೆ

ಹಕ್ಕಿನೋಟ ಅಣ್ಣ, ನಮ್ಮಲ್ಲಿ ಡಾಕ್ಟ್ರು ಮೆಲಾಕ್ಸಿಕ್ಯಾಮೇ ಕೊಡುವುದು, ಬಾಟಲಿ ನೋಡಿದ್ದೇನೆ. ಪಶುವೈದ್ಯ ಸಾರ್, ಇಂಜೆಕ್ಷನ್ ಆದ ಮೇಲೆ ಹಾಲು ಡೈರಿಗೆ ಹಾಕಬಹುದಾ?

ಹಳೇ ಪಶುವೈದ್ಯ

ಆ ಹಾಲನ್ನು ಕೆಲವು ದಿನ ಡೈರಿಗೆ ಹಾಕಬಾರದು, ಮನೆಯಲ್ಲೂ ಕುಡಿಯಬಾರದು. ಎಷ್ಟು ದಿನ ಅನ್ನುವುದು ಔಷಧಿಯಿಂದ ಔಷಧಿಗೆ ಬೇರೆ, ಲೇಬಲ್ ಮೇಲೆ ಇರುತ್ತೆ. ಇಲ್ಲದಿದ್ದರೆ ಕೊಟ್ಟ ಡಾಕ್ಟರನ್ನೇ ಕೇಳಿ ಬರೆಸಿಕೊಳ್ಳಿ. ರಾತ್ರಿ ಹೊತ್ತು ಹಸು ಬಿದ್ದು ಯಾರೂ ಸಿಗದಿದ್ದರೆ 1962ಕ್ಕೆ ಫೋನ್ ಮಾಡಿ ನೋಡಿ, ಪಶು ಆಂಬುಲೆನ್ಸ್ ನಂಬರ್ ಅದು.

ಕಾಫಿಕಣ, ನಾಪೋಕ್ಲು

ನಂಬರ್ ಕೊಟ್ಟಿಗೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಉಣ್ಣಿಗೆ ನಾಯಿ ಮೈಗೆ ಏನು ಹಚ್ಚಬೇಕು ಅಂತ ಬೇರೆ ಪ್ರಶ್ನೆ ಹಾಕುತ್ತೇನೆ, ಇಲ್ಲಿ ಬೆರೆಸುವುದು ಬೇಡ.